ಓಪನ್‌ಸಿಮ್ ರಿವ್ಯೂ: ಗೋಳಗುಮ್ಮಟ ಕಟ್ಟೋದು ಸುಲಭ, ಮಂದೀನ ಕರ್ಸೋದು ತ್ರಾಸ

ಓಪನ್‌ಸಿಮ್ ಅಂದ್ರ ಆಟ ಅಲ್ರಿ, 3ಡಿ ಲೋಕ ನಡಸೋ ಸರ್ವರ್ ಸಾಫ್ಟ್‌ವೇರ್. ಪೂರಾ ಹೆಸರು ಓಪನ್‌ಸಿಮ್ಯುಲೇಟರ್, 2007ರಾಗ ಚಾಲೂ ಆದ ಪ್ರಾಜೆಕ್ಟ್, ಬಿಎಸ್‌ಡಿ ಅನ್ನೋ ಮುಕ್ತ ಲೈಸೆನ್ಸ್, ಒಂದ್ ರೂಪಾಯಿ ಖರ್ಚಿಲ್ಲ. ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ ಲೋಕದಾಗ ಆಡಿದವ್ರಿಗೆ ಲಗೂನ ತಿಳೀತೈತಿ, ಹಂಥದ್ದ 3ಡಿ ಲೋಕ, ಆದ್ರ ಜಾಗಾಕ್ಕ ತಿಂಗಳ ತಿಂಗಳ ಬಾಡಿಗಿ ಕಟ್ಟೋದಿಲ್ಲ, ನಿಮ್ಮ ಕಂಪ್ಯೂಟರ್‌ನಾಗ ನೀವ ಮಾಲಕರು.

ಹಾಕೋದು ಭಾಳ ಏನಿಲ್ಲ. ಜಿಪ್ ಬಿಚ್ಚಿ, ಇದು ಓಡಾಕ ಬೇಕಾದ ಡಾಟ್‌ನೆಟ್ ಸಾಫ್ಟ್‌ವೇರ್ ಹಾಕಿ, ಕನ್ಸೋಲ್ ಅನ್ನೋ ಕರೀ ಪರದೆ ಕೇಳಿದ್ದಕ್ಕ ಉತ್ತರ ಕೊಡ್ಕೋತ ಹೋದ್ರ 256 ಮೀಟರ್ ಉದ್ದ ಅಗಲದ ಜಾಗಾ ತಯಾರ್. ಡೇಟಾಬೇಸ್ ಅಂದ್ರ, ಸಣ್ಣದಕ್ಕ ಎಸ್‌ಕ್ಯೂಲೈಟ್ ನಡೀತೈತಿ, ದೊಡ್ಡದು ಮಾಡೋರು ಮೈಎಸ್‌ಕ್ಯೂಎಲ್ ಹಿಡೀರಿ. ಲೋಕದ ಒಳಗ ಹೋಗಿ ನೋಡಾಕ ಫೈರ್‌ಸ್ಟಾರ್ಮ್‌ನಂಥ ವ್ಯೂವರ್ ಪ್ರೋಗ್ರಾಂ ಬೇಕು, ಡೌನ್‌ಲೋಡ್ ಮಾಡೂ ಮುಂದ ಓಪನ್‌ಸಿಮ್ ಇರೋ ಬಿಲ್ಡ್ ತಗೋರಿ, ಸೆಕೆಂಡ್ ಲೈಫ್‌ದ್ದು ಬ್ಯಾರೆ ಬರ್ತೈತಿ.

ವಿಜಯಪುರದವ್ರಾಗಿ ಖಾಲಿ ಜಾಗಾ ಸಿಕ್ರ ಏನ್ ಕಟ್ತೀವಿ? ಗೋಳಗುಮ್ಮಟ ಬಿಟ್ರ ಮತ್ತೇನ. ಖರೇದ್ದಕ್ಕ ಹೊರಗಿಂದ ಹೊರಗ 44 ಮೀಟರ್ ಗುಮ್ಮಟ, ಇಲ್ಲಿ ಒಂದ ಸ್ಫಿಯರ್ (ಗೋಳ) ತಗೊಂಡು ಡಿಂಪಲ್ ಅನ್ನೋ ಸೆಟ್ಟಿಂಗ್ 0.5 ಕೊಟ್ಟು ಅರ್ಧಕ್ಕ ಕೊಯ್ದು ಒಳಗ ಹಾಲೋ (ಪೊಳ್ಳು) ಮಾಡಿದ್ರ ಆಗಿಹೋತು, ಯಾಕಂದ್ರ ಒಂದ ಪ್ರಿಮ್ (ಕಟ್ಟಾಕ ಬಳಸೋ ಮೂಲ ಆಕಾರ) 256 ಮೀಟರ್ ತನಕ ಎಳೀಬಹುದು, ಸೆಕೆಂಡ್ ಲೈಫ್‌ನಾಗ 64ಕ್ಕ ನಿಲ್ತೈತಿ. 1656ರ ತನಕ ಆದಿಲಶಾಹಿ ಕೆಲಸಗಾರರು ಮೈಮುರಿದು ಕಟ್ಟಿದ್ದನ್ನ ನಾವು ಮೌಸ್‌ನಾಗ ಮಾಡ್ತೀವಿ, ಸ್ವಲ್ಪ ನಾಚಿಕೀನೂ ಆಗ್ತೈತಿ.

ಮಜಾ ಇರೋದು ಮ್ಯಾಲಿನ ಗ್ಯಾಲರಿದಾಗ. ಅಲ್ಲಿ ಈ ಕಡಿ ಪಿಸುಗುಟ್ಟಿದ್ರ ಆ ಕಡಿ ಕೇಳ್ಬೇಕಲ್ರಿ, ನಡುವ ಹತ್ರಹತ್ರ 38 ಮೀಟರ್. ಓಪನ್‌ಸಿಮ್‌ನಾಗ ಟೈಪ್ ಮಾಡೋ ಪಿಸುಮಾತು ಮುಟ್ಟೋದು 10 ಮೀಟರ್, ಮಾತು 20, ಕೂಗು 100, ಹಿಂಗಾಗಿ ಗುಮ್ಮಟದಾಗ ಪಿಸುಗುಟ್ಟಿದ್ರ ಎದರಿಗಿದ್ದವ್ಗ ಏನೂ ಕೇಳಂಗಿಲ್ಲ. ಓಪನ್‌ಸಿಮ್ ಐಎನ್‌ಐ ಅನ್ನೋ ಸೆಟ್ಟಿಂಗ್ ಫೈಲ್‌ನಾಗ ಚಾಟ್ ಅನ್ನೋ ಭಾಗ ಐತಿ, ಅಲ್ಲಿ ವಿಸ್ಪರ್ ಡಿಸ್ಟೆನ್ಸ್ 10 ಇದ್ದದ್ದನ್ನ 40 ಮಾಡಿ ರೀಸ್ಟಾರ್ಟ್ ಮಾಡಿದ್ರ ಕೇಳ್ತೈತಿ ನೋಡ್ರಿ! ಬಾಡಿಗಿ ಜಾಗಾದಾಗ ಇದನ್ನ ಮಾಡಾಕ ಯಾರ್ ಬಿಡ್ತಾರ? ಒಂದ ಕಿರಿಕಿರಿ ಅಂದ್ರ ಅದು ಗ್ಯಾಲರಿಗಷ್ಟ ಅಲ್ಲ, ಇಡೀ ಸಿಮ್ಯುಲೇಟರ್‌ಗೆ ಲಾಗೂ ಆಗ್ತೈತಿ, ತ್ವಾಟದಾಗ ನಿಂತು ಗುಟ್ಟು ಮಾತಾಡಿದ್ರೂ 40 ಮೀಟರ್ ಸುತ್ತಲಿದ್ದವ್ರಿಗೆಲ್ಲಾ ಗೊತ್ತಾಗ್ತೈತಿ.

ಕರೆಂಟ್ ಹೋಗೋ ಊರಿನವ್ರು ಇದನ್ನ ನೆನಪಿಡ್ರಿ. ಕಟ್ಟಿದ್ದು ಕೂಡ್ಲೇ ಡೇಟಾಬೇಸ್‌ಗೆ ಹೋಗಂಗಿಲ್ಲ, ಮುಟ್ಟೋದು ನಿಲ್ಸಿ ಒಂದ್ ನಿಮಿಷ ಆಗ್ಬೇಕು, ಮುಟ್ಕೋತನ ಇದ್ರ 10 ನಿಮಿಷದ ತನಕ ತಡೀತೈತಿ. ಯುಪಿಎಸ್ ಕೂಗಾಕ ಹತ್ತಿತು ಅಂದ್ರ ಕನ್ಸೋಲ್‌ನಾಗ ಬ್ಯಾಕಪ್ ಅಂತ ಹೊಡೀರಿ, ದಿನದ ಕಡೀಕ ಸೇವ್ ಓಎಆರ್ ಹೊಡೆದು ಇಡೀ ಜಾಗಾನ ಒಂದ ಫೈಲ್ ಮಾಡಿ ಇಟ್ಕೋರಿ.

ಈಗ ಹೈಪರ್‌ಗ್ರಿಡ್, ಅಂದ್ರ ಒಬ್ಬರ ಸರ್ವರ್‌ನಿಂದ ಇನ್ನೊಬ್ಬರದಕ್ಕ ಹೋಗೋ ದಾರಿ. ಕ್ರಿಸ್ಟಾ ಲೋಪೆಸ್ ಅಂತ ಕ್ಯಾಲಿಫೋರ್ನಿಯಾದ ಅರ್ವೈನ್ ಯೂನಿವರ್ಸಿಟಿ ಪ್ರೊಫೆಸರ್ ಮೇಡಂ ಮಾಡಿದ್ದು, ನನ್ನ ಕೇಳಿದ್ರ ಓಪನ್‌ಸಿಮ್ ಹಾಕ್ಬೇಕಾದದ್ದ ಇದರ ಸಲುವಾಗಿ. ನಿಮ್ಮ ಸರ್ವರ್‌ನಾಗಿನ ಅವತಾರ (ನಿಮ್ಮ 3ಡಿ ಗೊಂಬಿ) ಬ್ಯಾರೆಯವರ ಸರ್ವರ್‌ಗೆ ಟೆಲಿಪೋರ್ಟ್ ಆಗ್ತೈತಿ, ಅಲ್ಲಿ ಹೊಸ ಅಕೌಂಟ್ ಬ್ಯಾಡ, ಪಾಸ್‌ವರ್ಡ್ ಕೊಡೋದು ಬ್ಯಾಡ, ಮ್ಯಾಪ್‌ನಾಗ ಆ ಗ್ರಿಡ್‌ನ (ಅಂಥ ಸರ್ವರ್ ಲೋಕಕ್ಕ ಗ್ರಿಡ್ ಅಂತಾರ) ಅಡ್ರೆಸ್ಸು ಪೋರ್ಟು ಹೊಡೆದ್ರ ಹೋಗಿ ನಿಂದ್ರತೈತಿ. ತಲಿ ಮ್ಯಾಲಿನ ಹೆಸರಿನ ಮುಂದ ನಿಮ್ಮ ಗ್ರಿಡ್ ಹೆಸರೂ ಕಾಣ್ತೈತಿ, ಯಾವ ಊರಾಂವ ಅಂತ ಕೇಳೋ ಕೆಲಸಿಲ್ಲ. ಓಎಸ್‌ಗ್ರಿಡ್ ಅನ್ನೋ ಗ್ರಿಡ್‌ಗೆ ಹೋಗಿ ಸುಮ್ನ ತಿರಗ್ಯಾಡಿ ಬರ್ರಿ, ತಿಳೀತೈತಿ. ನಿಮ್ಮ ಸಾಮಾನೆಲ್ಲಾ ಅವ್ರಿಗೆ ಕಾಣಂಗಿಲ್ಲ, ಸೂಟ್‌ಕೇಸ್ ಅಂತ ಒಂದ ಫೋಲ್ಡರ್ ಐತಿ, ಅದರಾಗ ಹಾಕ್ಕೊಂಡಿದ್ದಷ್ಟ ಪರಊರಾಗ ತಗೀಬಹುದು. ಆದ್ರೂ ಹೇಳ್ತೀನಿ, ಅಲ್ಲಿ ಬಿಚ್ಚಿ ಇಟ್ಟಿದ್ದರ ಕಾಪಿ ಆ ಸರ್ವರ್‌ನಾಗ ಉಳೀತೈತಿ, ಅದರ ಮಾಲಕ ಮನಸ್ಸು ಮಾಡಿದ್ರ ನಿಮ್ಮ ಪರ್ಮಿಷನ್ ಗಿರ್ಮಿಷನ್ ಏನೂ ತಡಿಯಂಗಿಲ್ಲ. ಮಾರೋ ಸಾಮಾನು ಹೊರಗ ಒಯ್ಯಬ್ಯಾಡ್ರಿ.

ಹೋಗೋದು ಬರೋದು ಎರಡಕ್ಕೂ ನಿಮ್ಮ ಸರ್ವರ್ ಹೊರಗಿನವ್ರಿಗೆ ಕಾಣ್ಬೇಕು, ತ್ರಾಸ ಇರೋದ ಅಲ್ಲಿ. ಕಾನ್ಫಿಗ್‌ನಾಗ ಸ್ಟ್ಯಾಂಡ್‌ಅಲೋನ್ ಹೈಪರ್‌ಗ್ರಿಡ್ ಆರಿಸಿ, 127.0.0.1 (ನಿಮ್ಮ ಕಂಪ್ಯೂಟರ್ ಒಳಗಷ್ಟ ನಡೆಯೋ ಅಡ್ರೆಸ್ಸು) ತಗದು ನಿಮ್ಮ ಡೊಮೇನ್ ಹಾಕಿ, 9000 ಪೋರ್ಟ್‌ನ ಟಿಸಿಪಿ ಯುಡಿಪಿ ಎರಡೂ ರೂಟರ್‌ನಾಗ ತೆರದಿಡಬೇಕು. ನಮ್ಮ ಮನಿ ಫೈಬರ್‌ನಾಗ ರೂಟರ್ ಎಲ್ಲಾ ಬರೋಬ್ಬರಿ ಇತ್ತು, ಆದ್ರ ಕಂಪನಿ ಒಂದ ಐಪಿ ಅಡ್ರೆಸ್ಸನ್ನ ಹತ್ತಾರು ಮನಿಗೆ ಹಂಚಿತ್ತು, ಹೊರಗಿಂದ ಯಾರೂ ಒಳಗ ಬರಾಕ ದಾರೀನ ಇಲ್ಲ. ಫೋನ್ ಮಾಡಿದ್ರ, ಸರ್ ಸ್ಪೀಡ್ ಬರೋಬ್ಬರಿ ಐತಲ್ರಿ ಅಂತಾನ ಆ ಹುಡುಗ! ನಮಗಷ್ಟ ಇರೋ ಸ್ಟ್ಯಾಟಿಕ್ ಐಪಿಗೆ ಬ್ಯಾರೆ ರೊಕ್ಕ ಕೇಳಿದ್ರು, ಅದಕ್ಕ ಬಾಡಿಗಿ ವಿಪಿಎಸ್ (ಇಂಟರ್‌ನೆಟ್ ಮ್ಯಾಲಿನ ಸರ್ವರ್) ಹಿಡಿದೆ, ಓಎಆರ್ ಫೈಲ್ ಅಲ್ಲಿ ಲೋಡ್ ಮಾಡಿದ ಮ್ಯಾಲ ಗುಮ್ಮಟ ಇದ್ದಕ್ಕಿದ್ದಂಗ ಎದ್ದು ನಿಂತು.

ಫೋನ್‌ನಾಗ ಆಡ್ತೀನಿ ಅನ್ನೋರಿಗೆ ಇದು ಅಲ್ಲ, ಡಾಕ್ಯುಮೆಂಟ್ಸೂ ಅಲ್ಲಲ್ಲಿ ಹಳೇವು. ಸರ್ವರ್‌ಗೆ ಐದಕ್ಕ ನಾಲ್ಕು, ಹೈಪರ್‌ಗ್ರಿಡ್‌ಗೆ ಐದಕ್ಕ ಐದು. ಸಾಲಿ ಲ್ಯಾಬ್‌ನಾಗ ಹುಡುಗರಿಗೆ ಕಟ್ಟಾಕ ಕಲಸ್ತೀನಿ ಅನ್ನೋ ಮಾಸ್ತರಿದ್ರ ಲ್ಯಾನ್ (ಲ್ಯಾಬ್ ಒಳಗಿನ ನೆಟ್‌ವರ್ಕ್) ಮ್ಯಾಲ ಹಾಕ್ಕೊಂಡು ಇವತ್ತ ಚಾಲೂ ಮಾಡ್ರಿ, ಇಂಟರ್‌ನೆಟ್ ಸಹಿತ ಬೇಕಾಗಂಗಿಲ್ಲ.