ಝೀನ್‌ನಿಂದ ವೆಬ್‌ಗೆ: ರೆಡಿಮೇಡ್ ಬಿಲ್ಡರೋ, ಕೈಯಲ್ಲಿ ಬರೆದ ಕೋಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಲ್ಲಿ ಬರೆದ ಕೋಡಿಗೆ. ಒಂದು ವರ್ಷದ ದುಡ್ಡು ಕಟ್ಟಿ ತಗೊಂಡ ವೆಬ್‌ಸೈಟ್ ಬಿಲ್ಡರ್ ಸುಮ್ನೆ ಬಿದ್ದಿದೆ.

ಮಡಿಕೇರಿಯಲ್ಲಿ ಕೂತು ಝೀನ್, ಅಂದರೆ ನಾವೇ ಕೈಯಾರೆ ಮಾಡುವ ಪುಟ್ಟ ಪತ್ರಿಕೆ, ಮಾಡುತ್ತಿದ್ದವಳು ನಾನು. ಒಂದು ಎ4 ಹಾಳೆ ಮಡಚಿ ನಡುವೆ ಸೀಳು ಕೊಟ್ಟರೆ 8 ಪುಟ. ಕತ್ತರಿ, ಗೋಂದು, ಜೆರಾಕ್ಸ್ ಅಂಗಡಿ, ಅಷ್ಟೇ ಖರ್ಚು. ಆದರೆ ಮಳೆಗಾಲದಲ್ಲಿ ಹಾಳೆ ತೇವ ಹಿಡಿದು ಮೆಷಿನ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಮಾರಾಟವಾಗದ ಪ್ರತಿಗಳಿಗೆ ಬೂಷ್ಟು. ಅದಕ್ಕೇ ವೆಬ್‌ಗೆ ಬಂದೆ.

ಬಿಲ್ಡರ್ ನೋಡಲು ಚೆಂದ, ಎಳೆದು ಬಿಟ್ಟರೆ ಪುಟ ರೆಡಿ. ಇಂಗ್ಲಿಷ್‌ನಲ್ಲಿ! ಕಕ್ಕಡ (ಕೊಡಗಿನ ಮಳೆಗಾಲದ ತಿಂಗಳು) ಸಂಚಿಕೆಗೆ ಆ ತಿಂಗಳಲ್ಲಿ ತಿನ್ನುವ ‘ಮದ್ದು ಸೊಪ್ಪು’ ಅಂತ ಶೀರ್ಷಿಕೆ ದೊಡ್ಡದಾಗಿ ಹಾಕಿದೆ, ಒತ್ತುಗಳೆಲ್ಲ ಕತ್ತರಿಸಿ ಹೋಗಿ ‘ಮದು ಸೊಪು’ ಆಯಿತು. ಆ ಟೆಂಪ್ಲೇಟ್‌ನಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಕೂರಿಸಿದ್ದಾರೆ, ಅದರಾಚೆ ಇಳಿದದ್ದು ಕಾಣುವುದೇ ಇಲ್ಲ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ನೋಡಿದೆ, ಬಾಲೂ ತಮ್ಮ ಹಾಕಿ ನೋಡಿದೆ, ಊಹೂಂ. ಅಕ್ಷರ ಸಣ್ಣ ಮಾಡಿದರೆ ಒತ್ತು ಬರುತ್ತದೆ, ಆದರೆ ಶೀರ್ಷಿಕೆ ಅಂತ ಯಾರೂ ಅನ್ನುವುದಿಲ್ಲ. ಸಹಾಯ ಕೇಳಿದರೆ, ಎತ್ತರ ಬದಲಿಸಲು ಮೇಲಿನ ಪ್ಲಾನ್ ತಗೊಳ್ಳಿ ಅಂದರು. ಒತ್ತಕ್ಷರಕ್ಕೂ ಎಕ್ಸ್‌ಟ್ರಾ ಚಾರ್ಜು!

ನಾನೇ ಬರೆದ ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಹೇಳುವ ಕೋಡು) ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1.7 ಅಂತ ಒಂದು ಸಾಲು, ಮುಗಿಯಿತು. ಝೀನ್‌ನಲ್ಲಿ ಫೋಟೋ ಚೂರು ಓರೆಯಾಗಿ ಅಂಟಿಸುತ್ತಿದ್ದೆ, ಇಲ್ಲಿ ರೊಟೇಟ್ ಮೈನಸ್ 3 ಡಿಗ್ರಿ. ಒಂದರ ಮೇಲೊಂದು ಬರಬೇಕಾ, ಝೆಡ್-ಇಂಡೆಕ್ಸ್ ಇದೆ.

ಇನ್ನೊಂದು, ನಮ್ಮೂರಿನವರಿಗೇ ಗೊತ್ತಾಗುವ ವಿಷಯ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ನೆಟ್ಟೂ ಹೋಗುತ್ತದೆ, ಆಗ ಬಿಲ್ಡರ್ ತೆರೆಯುವುದೇ ಇಲ್ಲ. ಪುಟದ ಕೋಡ್ ಇರುವ ಎಚ್‌ಟಿಎಂಎಲ್ ಫೈಲ್ ಲ್ಯಾಪ್‌ಟಾಪ್‌ನಲ್ಲೇ ಇರುತ್ತದಲ್ವಾ, ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಮಾಡಿ, ನೆಟ್ ಬಂದಾಗ ವೆಬ್‌ಸೈಟ್ ಇಡಲು ಜಾಗ ಕೊಡುವ ನಿಯೋಸಿಟೀಸ್‌ಗೆ ಏರಿಸುತ್ತೇನೆ. ಅಲ್ಲಿ 1 ಜಿಬಿ ಜಾಗ ಉಚಿತ. ಅಂಥದ್ದೇ ಇನ್ನೊಂದು ಜಾಗ ಗಿಟ್‌ಹಬ್ ಪೇಜಸ್ ಕೂಡ ಉಚಿತವೇ, ಆದರೆ ಕಮಿಟ್, ಬ್ರಾಂಚ್ ಅಂತ ತಲೆ ಕೆಡಿಸಿಕೊಳ್ಳಲು ನನಗಾಗುವುದಿಲ್ಲ.

ಮೊಬೈಲ್‌ಗೆ ಹೊಂದಿಸುವುದರಲ್ಲಿ ಬಿಲ್ಡರ್ ಮುಂದೆ. ನಾನಿನ್ನೂ ಮೀಡಿಯಾ ಕ್ವೆರಿ (ಪರದೆಯ ಅಳತೆಗೆ ತಕ್ಕಂತೆ ಪುಟ ಬದಲಿಸುವ ಕೋಡು) ಜೊತೆ ಗುದ್ದಾಡುತ್ತಿದ್ದೇನೆ.

ಹೋಂಸ್ಟೇ ಬುಕಿಂಗ್, ಕಾಫಿಪುಡಿ ಮಾರಾಟ ಅಂತಿದ್ದರೆ ಬಿಲ್ಡರೇ ತಗೊಳ್ಳಿ, ಪೇಮೆಂಟ್ ತಲೆನೋವು ಇರುವುದಿಲ್ಲ. ವೆಬ್‌ನಲ್ಲಿ ನನಗೆ ಮಾರಲು ಏನೂ ಇಲ್ಲ. ಚಂದಾ ಮುಗಿದರೆ ರಿನ್ಯೂ ಮಾಡಿಸುವುದಿಲ್ಲ, ಆ ದುಡ್ಡಲ್ಲಿ ಮಳೆ ನಿಂತ ಮೇಲೆ ಹುತ್ತರಿ ಹಬ್ಬದ ಹೊತ್ತಿಗೆ ಒಂದು ಕಾಗದದ ಝೀನ್ ಮಾಡಿಸುತ್ತೇನೆ.