‘ಲ್ಯಾಂಡರ್ಸ್ ಪೀಕ್’ ಚಿತ್ರದ ಎರಡು ಮುದ್ರಣಗಳು

ಅಮೆರಿಕದ ಚಿತ್ರಕಾರ ಆಲ್ಬರ್ಟ್ ಬಿಯರ್‌ಸ್ಟಾಟ್ 1863ರಲ್ಲಿ ರಚಿಸಿದ ‘ದಿ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್’ ತೈಲಚಿತ್ರದ ಪ್ರತಿಯೊಂದನ್ನು ಮನೆಯ ಗೋಡೆಗೆಂದು ಆನ್‌ಲೈನ್ ಅಂಗಡಿಯಿಂದ ತರಿಸಿದ್ದೆ. ಅದು 36 ಅಂಗುಲ ಅಗಲ, 24 ಅಂಗುಲ ಎತ್ತರದ ಹೊಳಪು ಕ್ಯಾನ್ವಾಸ್. ಮೂಲಚಿತ್ರ ಸುಮಾರು 307 ಸೆಂ.ಮೀ. ಅಗಲ, 187 ಸೆಂ.ಮೀ. ಎತ್ತರವಿದ್ದು, ಆ ಪ್ರಮಾಣ ಈ ಚೌಕಟ್ಟಿಗೆ ಹೊಂದದ ಕಾರಣ ಎರಡೂ ಬದಿಯನ್ನು ಕತ್ತರಿಸಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಹಿಮಶಿಖರ ಥಳಥಳಿಸಲೆಂದು ಬೆಳಕು–ನೆರಳಿನ ಅಂತರವನ್ನು ಹೆಚ್ಚಿಸಿದ್ದರಿಂದ ಚಿತ್ರದ ಕೆಳಭಾಗವೆಲ್ಲ ಕಪ್ಪಿನಲ್ಲಿ ಮುಳುಗಿಹೋಗಿತ್ತು.

ಆ ಕೆಳಭಾಗದಲ್ಲಿರುವುದು ಅಮೆರಿಕದ ಮೂಲನಿವಾಸಿಗಳಾದ ಶೋಶೋನಿ ಜನರ ಬಿಡಾರ: ಡೇರೆಗಳು, ಕುದುರೆಗಳು, ಹುಲ್ಲಿನ ಮೇಲೆ ಬೇಟೆಯ ಪ್ರಾಣಿಗಳು. 1859ರಲ್ಲಿ ಫ್ರೆಡರಿಕ್ ಲ್ಯಾಂಡರ್ ಅವರ ಸಮೀಕ್ಷಾ ತಂಡದೊಂದಿಗೆ ಇಂದಿನ ವಯೋಮಿಂಗ್ ರಾಜ್ಯದ ಕಡೆಗೆ ಹೋಗಿದ್ದ ಬಿಯರ್‌ಸ್ಟಾಟ್, ಅಲ್ಲಿ ಮಾಡಿಕೊಂಡ ರೇಖಾಚಿತ್ರಗಳನ್ನು ಆಧರಿಸಿ ನ್ಯೂಯಾರ್ಕಿನಲ್ಲಿ ಈ ದೃಶ್ಯವನ್ನು ಕಟ್ಟಿದರು. ಪರ್ವತಗಳ ಜೋಡಣೆಯಲ್ಲಿ ಕಲ್ಪನೆಯ ಪಾಲು ದೊಡ್ಡದು. 1863ರ ಜನವರಿಯಲ್ಲಿ ಬೇರ್ ನದಿಯ ದಡದಲ್ಲಿ ಅಮೆರಿಕದ ಸೈನಿಕರು ನೂರಾರು ಶೋಶೋನಿಗಳನ್ನು ಕೊಂದರೆಂಬುದನ್ನು ತಿಳಿದ ಮೇಲೆ, ಅದೇ ವರ್ಷದ ಚಿತ್ರದಲ್ಲಿ ಅವರು ನೆಮ್ಮದಿಯಿಂದಿರುವ ಈ ಭಾಗವನ್ನು ಬರಿಯ ಅಲಂಕಾರವೆಂದು ನೋಡಲು ನನ್ನಿಂದಾಗದು. ನನಗೆ ಬಂದ ಪ್ರತಿಯಲ್ಲಿ ಡೇರೆಗಳು ಕಪ್ಪು ತ್ರಿಕೋನಗಳಾಗಿದ್ದವು. ಮನುಷ್ಯರು ಕಾಣುತ್ತಲೇ ಇರಲಿಲ್ಲ.

ಎರಡನೆಯ ಪ್ರತಿಯನ್ನು ನಾನೇ ನಿಂತು ಮಾಡಿಸಿದೆ. ಮೂಲಚಿತ್ರವಿರುವ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಹಕ್ಕುಸ್ವಾಮ್ಯದ ನಿರ್ಬಂಧವಿಲ್ಲದ ಕೃತಿಗಳ ಚಿತ್ರಗಳನ್ನು 2017ರಿಂದ ಉಚಿತ ಬಳಕೆಗೆ ಬಿಟ್ಟಿದೆ. ಆ ಫೈಲನ್ನೇ ಇಳಿಸಿಕೊಂಡು, ಊರಿನ ಮುದ್ರಕರೊಬ್ಬರಲ್ಲಿ, ಏನನ್ನೂ ಕತ್ತರಿಸದೆ, 48 ಅಂಗುಲ ಅಗಲಕ್ಕೆ ಹೊಳಪಿಲ್ಲದ ಕ್ಯಾನ್ವಾಸಿನ ಮೇಲೆ ಮುದ್ರಿಸಲು ಹೇಳಿದೆ. ಮೊದಲು ಬಿಡಾರದ ಭಾಗವನ್ನಷ್ಟೇ ಒಂದು ಪಟ್ಟಿಯಲ್ಲಿ ತೆಗೆಸಿ, ಕಿಟಕಿಯ ಬೆಳಕಿನಲ್ಲಿ ನೋಡಿ ಒಪ್ಪಿದ ಮೇಲೆಯೇ ಪೂರ್ತಿ ಮುದ್ರಣವಾಯಿತು.

ಈಗ ಡೇರೆಗಳ ನಡುವೆ ಓಡಾಡುವವರು ಒಬ್ಬೊಬ್ಬರಾಗಿ ಕಾಣುತ್ತಾರೆ; ಬಿಸಿಲು ಬಿದ್ದ ಜಲಪಾತದಿಂದ ಕಣ್ಣು ತಾನಾಗಿಯೇ ಅವರತ್ತ ಇಳಿಯುತ್ತದೆ. ಕೊರತೆ ಇಲ್ಲದಿಲ್ಲ: ಕ್ಯಾನ್ವಾಸಿನ ನೇಯ್ಗೆಯಿಂದಾಗಿ ದೂರದ ಬಂಡೆಗಳ ಸಣ್ಣ ಗೆರೆಗಳು ಮಂಕಾಗಿವೆ. ಇದಕ್ಕಿಂತ ಚಿಕ್ಕ ಅಳತೆ ಬೇಕಾದವರು ಕ್ಯಾನ್ವಾಸಿನ ಬದಲು ಹೊಳಪಿಲ್ಲದ ದಪ್ಪ ಕಾಗದವನ್ನೇ ಆರಿಸಿಕೊಳ್ಳಲಿ. ಯಾವುದೇ ಅಳತೆಯಾದರೂ ಹಣ ಕೊಡುವ ಮೊದಲು ಕೆಳಭಾಗದ ಮಾದರಿಯನ್ನು ಕೇಳಿ ನೋಡಲಿ.