ಬುಲೆಟ್‌ಗೆ ಯಾವ ಕ್ಯಾಮ್? ಮೂರನ್ನೂ ಹಾಕಿ ಓಡಿಸಿ ನೋಡಿದೆ

ನನ್ನದು 1996ರ ಬುಲೆಟ್ 350. ಬಲಗಾಲಿನ ಗೇರು, ಎರಕದ ಕಬ್ಬಿಣದ ಬ್ಲಾಕು. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವ, ಮೊಟ್ಟೆ ಆಕಾರದ ಉಕ್ಕಿನ ತುಂಡೇ ಕ್ಯಾಮ್. ಟೈಮಿಂಗ್ ಕವರ್ ಬಿಚ್ಚಿದಾಗ ಇನ್‌ಲೆಟ್ ಕ್ಯಾಮಿನ ಮೂಗು, ಅಂದರೆ ಉಬ್ಬಿದ ತುದಿ, ಸವೆದು ಚಪ್ಪಟೆಯಾಗಿತ್ತು. ಹೊಸದು ಹಾಕಲೇಬೇಕು. ಆದರೆ ಯಾವುದು? ಗಂಗಾವತಿಯಲ್ಲಿ ನನ್ನ ಗಾಡಿ ನೋಡುವ ಮಿಸ್ತ್ರಿ ಚಾಚಾ ಒಂದೇ ಮಾತು ಕೇಳಿದರು: "ಗಾಡಿ ಯಾವ ಸ್ಪೀಡಿನಾಗ ಜಾಸ್ತಿ ಹೊತ್ತು ಇರ್ತೈತಿ, ಮೊದಲು ಅದನ್ನ ಹೇಳು ತಮ್ಮಾ."

ಆಗ ನನಗೆ ಆ ಮಾತು ಅರ್ಥವಾಗಲಿಲ್ಲ. ಮೊದಲು ರೇಸ್ ಕ್ಯಾಮ್ ತರಿಸಿದೆ, ಆಮೇಲೆ ಗ್ರೈಂಡ್ ಮಾಡಿಸಿದ್ದು, ಕೊನೆಗೆ ಕಂಪನಿಯದು.

ಓಡಿಸಿ ನೋಡಲು ಎರಡು ರಸ್ತೆ ಇಟ್ಟುಕೊಂಡೆ. ಆನೆಗೊಂದಿ, ಸಾಣಾಪುರ ದಾಟಿ ಹುಲಿಗಿಗೆ ಹೋಗೋದು ಒಂದು. ಬಂಡೆಗಳ ನಡುವೆ ತಿರುವು, ಏರು, ಎದುರಿಗೆ ಭತ್ತದ ಟ್ರ್ಯಾಕ್ಟರ್. ಇನ್ನೊಂದು ಸಿಂಧನೂರು, ಮಾನ್ವಿ ಮೇಲೆ ರಾಯಚೂರಿಗೆ. ಅಲ್ಲಿ ಆಕ್ಸಿಲೇಟರ್ ಬಿಡುವ ಕೆಲಸ ಕಡಿಮೆ. ಹಿಂದಿನ ಸೀಟಿನ ಮೇಲೆ 25 ಕೆಜಿಯ ಸೋನಾ ಮಸೂರಿ ಚೀಲ.

ರಾಯಚೂರು ರಸ್ತೆಯಲ್ಲಿ ರೇಸ್ ಕ್ಯಾಮ್ ಖುಷಿ ಕೊಟ್ಟಿತು. 80 ದಾಟಿದ ಮೇಲೂ ಗಾಡಿ ಎಳೆಯುತ್ತಲೇ ಇತ್ತು. ಸಾಣಾಪುರದ ಏರಿನಲ್ಲಿ ಮಾತ್ರ ಅದೇ ಗಾಡಿ ಉಸಿರು ಬಿಟ್ಟಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಆಕ್ಸಿಲೇಟರ್ ಬಿಟ್ಟು ನಿಂತಾಗ ಸ್ಲೋ ನಿಲ್ಲುತ್ತಿರಲಿಲ್ಲ, ಕುಂಟುತ್ತಿತ್ತು. ಮೈಲೇಜ್ 35ರಿಂದ 28ಕ್ಕೆ ಬಂತು.

ಯಾಕೆ ಹೀಗೆ? ರೇಸ್ ಕ್ಯಾಮ್ ಇನ್‌ಲೆಟ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಒಳಗೆ ನುಗ್ಗುವ ಗಾಳಿಗೆ ರಭಸ ಇರುತ್ತದೆ, ಪಿಸ್ಟನ್ ಮೇಲೆ ಬರತೊಡಗಿದರೂ ಅದು ತುಂಬುತ್ತಲೇ ಇರುತ್ತದೆ. ನಿಧಾನದಲ್ಲಿ ಆ ರಭಸ ಎಲ್ಲಿ? ಪಿಸ್ಟನ್ ಅದೇ ಗಾಳಿಯನ್ನು ಕಾರ್ಬುರೇಟರ್ ಕಡೆಗೆ ವಾಪಸ್ ತಳ್ಳುತ್ತದೆ. ಈ ಎಂಜಿನ್ನಿನ 18 ಬಿಎಚ್‌ಪಿ ಸಿಗೋದು 5,625 ಆರ್‌ಪಿಎಂನಲ್ಲಿ. ಟಾಪ್ ಗೇರಿನಲ್ಲಿ 60ರಲ್ಲಿ ಹೋಗುವಾಗ ಅದರ ಅರ್ಧದ ಆಸುಪಾಸಿನಲ್ಲಿರುತ್ತೇವೆ. ನಾನು ದಿನಾ ಓಡಿಸೋದೇ ಅಲ್ಲಿ. ಚಾಚಾ ಕೇಳಿದ್ದು ಇದನ್ನೇ ಅಲ್ವಾ!

ದುಬೈಯಲ್ಲಿ ಸ್ಪೀಡ್‌ಬೋಟ್ ಎಂಜಿನ್ ಬಿಚ್ಚುವ ನಮ್ಮ ಮಾವನ ಮಗನಿಗೆ ಫೋನ್ ಮಾಡಿದ್ದೆ. ಅವನ ಕೈಗೆ ಬರುವುದು 7.4 ಲೀಟರಿನ, ಎಂಟು ಸಿಲಿಂಡರಿನ ವಿ8ಗಳು. ಅಲ್ಲಿ ತಪ್ಪು ಕ್ಯಾಮ್ ಹಾಕಿದರೆ ಬರೀ ಪಿಕಪ್ ಹೋಗೋದಲ್ಲ, ಎಂಜಿನ್ನೇ ಹೋಗುತ್ತದೆ. ಬೋಟಿನಲ್ಲಿ ಎಂಜಿನ್ ತಂಪು ಮಾಡಿ ಬಂದ ನೀರನ್ನು ಸೈಲೆನ್ಸರ್ ಪೈಪಿಗೇ ಬಿಡುತ್ತಾರೆ. ಇನ್‌ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿಯಾದರೆ, ಸ್ಲೋದಲ್ಲಿ ಎಂಜಿನ್ ಆ ನೀರನ್ನು ಸಿಲಿಂಡರಿನೊಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತು ಕಡಿಮೆ ಇರಲಿ ಅಂತ ಅವರು ಇನ್‌ಲೆಟ್, ಎಕ್ಸಾಸ್ಟ್ ಮೂಗುಗಳ ನಡುವೆ 112 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಅಂತರ ಇರುವ ಕ್ಯಾಮನ್ನೇ ಹುಡುಕುತ್ತಾರಂತೆ. ರೇಸ್ ಕ್ಯಾಮಿನಲ್ಲೂ ಆ ಹೊತ್ತು ಜಾಸ್ತಿ; ನಮ್ಮ ಗಾಡಿಯಲ್ಲಿ ನೀರಿಲ್ಲ, ಸುಟ್ಟ ಹೊಗೆ ವಾಪಸ್ ಬರುತ್ತದೆ ಅಷ್ಟೇ. ಸ್ಲೋ ಕುಂಟಿದ್ದು ಅದಕ್ಕೇ.

ಎರಡನೆಯದು ಒಂದು ಲೇತ್ ಅಂಗಡಿಯಲ್ಲಿ ಹಳೇ ಕ್ಯಾಮನ್ನೇ ಗ್ರೈಂಡ್ ಮಾಡಿಸಿದ್ದು. ಮೊದಲ ತಿಂಗಳು ಮೂರರಲ್ಲಿ ಇದೇ ಚೆನ್ನಾಗಿತ್ತು ಅಂತ ಧೈರ್ಯವಾಗಿ ಹೇಳುತ್ತೇನೆ. ಏರಿನಲ್ಲೂ ಎಳೆತ, ನೇರ ರಸ್ತೆಯಲ್ಲೂ ಸ್ವಲ್ಪ ಜಾಸ್ತಿ ಓಟ. ಆಮೇಲೆ ಟ್ಯಾಪೆಟ್ (ಕ್ಯಾಮಿನ ಮೇಲೆ ಕೂತು ವಾಲ್ವ್ ಕಡೆಗೆ ತಳ್ಳುವ ಭಾಗ) ಸೌಂಡ್ ಶುರುವಾಯಿತು. ಅಡ್ಜಸ್ಟ್ ಮಾಡಿದರೆ ವಾರದಲ್ಲಿ ಮತ್ತೆ ಅದೇ ಟಕ್ ಟಕ್. ಬಿಚ್ಚಿದರೆ ಮೂಗಿನ ಮೇಲೆ ಗುಳಿ. ಕ್ಯಾಮಿಗೆ ಗಟ್ಟಿತನ ಇರೋದು ಮೇಲಿನ ತೆಳು ಪದರದಲ್ಲಿ. ಉಜ್ಜಿದಾಗ ಅದೇ ಹೋಗಿಬಿಟ್ಟಿತ್ತು, ಮತ್ತೆ ಕಾಸಿ ಗಟ್ಟಿ ಮಾಡಿರಲಿಲ್ಲ. ಆ ಪುಡಿಯೆಲ್ಲ ಆಯಿಲ್‌ನಲ್ಲಿ ಸೇರಿ ಪಿಸ್ಟನ್ ರಾಡಿನ ಕೆಳಗಿನ ಬೇರಿಂಗ್ ಇರುವ ಬಿಗ್ ಎಂಡ್‌ವರೆಗೂ ತಿರುಗಾಡಿತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಗಾಡಿಯಲ್ಲಿರೋದು ಕಂಪನಿ ಕ್ಯಾಮ್. ಅದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸಾಣಾಪುರದ ಏರು ಮೂರನೇ ಗೇರಿನಲ್ಲಿ ಹತ್ತುತ್ತದೆ, ಮೈಲೇಜ್ 35ಕ್ಕೆ ಬಂದಿದೆ, 80ರ ಮೇಲೆ ಬೇಗ ಸುಸ್ತಾಗುತ್ತದೆ. ರಾಯಚೂರಿಗೆ ದಿನಾ ಹೋಗುವವರಾದರೆ ರೇಸ್ ಕ್ಯಾಮ್ ಹಾಕಿಸಿ, ಆದರೆ ಕಾರ್ಬುರೇಟರ್, ಸೈಲೆನ್ಸರ್, ಕಂಪ್ರೆಶನ್ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ವಾಲ್ವ್ ಪಿಸ್ಟನ್ನಿಗೆ ತಾಗುತ್ತದಾ ಅಂತ ಮಕ್ಕಳ ಆಟದ ಜೇಡಿ ಇಟ್ಟು, ಎಂಜಿನ್ ಕೈಯಲ್ಲೇ ತಿರುಗಿಸಿ ನೋಡದೆ ಕಿಕ್ ಹೊಡೆಯಬೇಡಿ.